ಮಂದ ಬೆಳಕಿನಲ್ಲಿ ಫ್ಲ್ಯಾಶ್ ಸಿಂಕ್: ಅಡಿಕೆ ಚಪ್ಪರದಿಂದ ತೆಪ್ಪೋತ್ಸವದವರೆಗೆ ಹಂತ ಹಂತವಾಗಿ

ಅಡಿಕೆ ಸುಲಿಯುವ ಕಾಲ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೊಸ ಛಾಯಾಗ್ರಾಹಕರು ತೋರಿಸುವ ಚಿತ್ರಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತವರ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತದೆ. ಅವರ ಬೆನ್ನ ಹಿಂದಿನ ಅಂಗಳ, ಚಪ್ಪರಕ್ಕೆ ತೂಗುಬಿಟ್ಟ ಬಲ್ಬು, ಹಂಡೆಯಡಿಯ ಬೆಂಕಿ ಎಲ್ಲವೂ ಕಗ್ಗತ್ತಲಲ್ಲಿ ಮುಳುಗಿರುತ್ತವೆ. ಇದನ್ನು ಸರಿಪಡಿಸಲೆಂದು ಸ್ಲೋ ಸಿಂಕ್ (ಫ್ಲ್ಯಾಶ್ ಜೊತೆ ಶಟರನ್ನು ಹೆಚ್ಚು ಹೊತ್ತು ತೆರೆದಿಡುವ ಮೋಡ್) ಆರಿಸಿಕೊಂಡರೆ ಮುಂದಿನ ಚಿತ್ರದಲ್ಲಿ ಎಲ್ಲವೂ ಅಲುಗಿರುತ್ತದೆ. ರಿಯರ್ ಕರ್ಟನ್‌ಗೆ (ಶಟರ್ ಮುಚ್ಚುವ ಮುನ್ನ ಫ್ಲ್ಯಾಶ್ ಹೊತ್ತುವ ಮೋಡಿಗೆ) ಬದಲಾಯಿಸಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ಕೊನೆಗೆ ಕ್ಯಾಮೆರಾ ಸರಿಯಿಲ್ಲವೆಂಬ ತೀರ್ಮಾನಕ್ಕೆ ಬರುತ್ತಾರೆ.

ನಾನು ನೋಡಿದ ಮಟ್ಟಿಗೆ ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಎಲ್ಲರೂ ಮೊದಲು ಮೋಡ್ ಹುಡುಕುತ್ತಾರೆ, ಆಮೇಲೆ ಬೆಳಕಿನ ಲೆಕ್ಕಕ್ಕೆ ಬರುತ್ತಾರೆ. ಶಟರ್ ತೆರೆದಿರುವಾಗ ಫ್ಲ್ಯಾಶ್ ಯಾವಾಗ ಹೊತ್ತಬೇಕೆಂದು ಹೇಳುವ ಸಿಂಕ್ ಮೋಡ್ ಎಂಬುದು ಕೊನೆಯಲ್ಲಿ ತೆಗೆದುಕೊಳ್ಳುವ ನಿರ್ಧಾರ. ಈ ಬರಹದ ಹಂತಗಳನ್ನು ಇದೇ ಅನುಕ್ರಮದಲ್ಲಿ ಪಾಲಿಸಬೇಕು. ನಡುವಿನದನ್ನು ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

ತಿಳಿದಿರಲೇಬೇಕಾದ ಒಂದು ಸಂಗತಿ

ಫ್ಲ್ಯಾಶ್ ಹಾಕಿ ತೆಗೆದ ಪ್ರತಿಯೊಂದು ಚಿತ್ರವೂ ಒಂದರ ಮೇಲೊಂದು ಕೂತ ಎರಡು ಚಿತ್ರಗಳೇ ಆಗಿರುತ್ತದೆ. ಒಂದು, ಸ್ಥಳದಲ್ಲಿರುವ ಬಲ್ಬು, ಬೆಂಕಿ, ಮುಸ್ಸಂಜೆಯ ಬೆಳಕಿನಿಂದ ಮೂಡುವುದು. ಶಟರ್ ತೆರೆದಿರುವಷ್ಟು ಹೊತ್ತೂ ಅದು ದಾಖಲಾಗುತ್ತಲೇ ಇರುತ್ತದೆ. ಇನ್ನೊಂದು, ಫ್ಲ್ಯಾಶಿನಿಂದ ಮೂಡುವುದು. ಅದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ, ಕಡಿಮೆ ಶಕ್ತಿಯಲ್ಲಾದರೆ ಅದಕ್ಕಿಂತಲೂ ಎಷ್ಟೋ ಬೇಗ, ಮುಗಿದುಹೋಗುತ್ತದೆ. ಹಾಗಾಗಿ ಶಟರ್ ವೇಗವನ್ನು 1/200ರಿಂದ 1/25ಕ್ಕೆ ಇಳಿಸಿದರೆ ಹಿನ್ನೆಲೆ ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಬೆಳಗುತ್ತದೆ, ಫ್ಲ್ಯಾಶ್ ಬಿದ್ದ ಮುಖ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಎರಡು ಚಿತ್ರಗಳನ್ನೂ ಬದಲಿಸುತ್ತವೆ. ಫ್ಲ್ಯಾಶಿನ ಶಕ್ತಿ ಮತ್ತು ದೂರ ಎರಡನೆಯದನ್ನು ಮಾತ್ರ ಬದಲಿಸುತ್ತವೆ.

ಇನ್ನು ಸಿಂಕ್ ವೇಗದ ವಿಚಾರ. ಹೆಚ್ಚಿನ ಕ್ಯಾಮೆರಾಗಳ ಶಟರಿನಲ್ಲಿ ಎರಡು ಪರದೆಗಳಿವೆ. ಮೊದಲನೆಯದು ಸರಿದು ಸೆನ್ಸರ್ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಶಟರ್ ವೇಗ ಒಂದು ಮಿತಿಯನ್ನು ದಾಟಿದ ಮೇಲೆ ಸೆನ್ಸರ್ ಪೂರ್ತಿ ತೆರೆದಿರುವ ಗಳಿಗೆಯೇ ಇರುವುದಿಲ್ಲ; ಎರಡು ಪರದೆಗಳ ನಡುವಿನ ಸೀಳಷ್ಟೇ ಓಡುತ್ತಿರುತ್ತದೆ. ಸಿಂಕ್ ವೇಗವೆಂದರೆ ಆ ಮಿತಿಯೇ. ಅದು ಸಾಮಾನ್ಯವಾಗಿ 1/200 ಅಥವಾ 1/250, ಕೆಲವು ಸೋನಿ ಕ್ಯಾಮೆರಾಗಳಲ್ಲಿ 1/160. ನಿಮ್ಮ ಕ್ಯಾಮೆರಾದ ಕೈಪಿಡಿ ತೆರೆದು ಈ ಒಂದು ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಬೇಕಾಗುವ ಸಾಮಾನುಗಳು

ಮ್ಯಾನ್ಯುಯಲ್ ಮೋಡ್ ಇರುವ ಕ್ಯಾಮೆರಾ, ತಲೆ ತಿರುಗುವ ಬಾಹ್ಯ ಫ್ಲ್ಯಾಶ್, ಚಾರ್ಜ್ ಮಾಡಬಹುದಾದ ನಿಕ್ಕೆಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಎರಡು ಜೊತೆ, ಕಿತ್ತಳೆ ಬಣ್ಣದ ಜೆಲ್ (ಬೆಳಕಿನ ಬಣ್ಣ ಬದಲಿಸುವ ಪಾರದರ್ಶಕ) ಹಾಳೆಯ ತುಂಡು, ಟ್ರೈಪಾಡ್. ಇವುಗಳ ಜೊತೆಗೆ ಒಂದು ಬಿಳಿ ಪಂಚೆಯನ್ನೂ ಇಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಬರುತ್ತದೆ. ಕ್ಯಾಮೆರಾದ ತಲೆಯ ಮೇಲೆ ಏಳುವ ಪುಟ್ಟ ಫ್ಲ್ಯಾಶ್ ಮಾತ್ರ ಇದ್ದರೂ ಈ ಹಂತಗಳಲ್ಲಿ ಬಹುಪಾಲು ನಡೆಯುತ್ತವೆ.

ಕೊಳ್ಳುವ ಮೊದಲು ಒಂದು ಎಚ್ಚರಿಕೆ. ಕ್ಯಾನನ್ 200ಡಿ ಮಾರ್ಕ್ 2ರಂಥ ಕೆಲವು ಕ್ಯಾಮೆರಾಗಳ ಹಾಟ್ ಶೂನಲ್ಲಿ (ಬಾಹ್ಯ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ) ನಡುವಿನ ಪಿನ್ ಇರುವುದಿಲ್ಲ. ಆ ಪಿನ್ ಒಂದನ್ನೇ ನಂಬಿ ಕೆಲಸ ಮಾಡುವ ಅಗ್ಗದ ಫ್ಲ್ಯಾಶ್‌ಗಳು ಅವುಗಳ ಮೇಲೆ ಹೊತ್ತಿಕೊಳ್ಳುವುದೇ ಇಲ್ಲ. ಅಂಗಡಿಯಲ್ಲೇ ಕ್ಯಾಮೆರಾಕ್ಕೆ ಕೂರಿಸಿ ನೋಡಿ ದುಡ್ಡು ಕೊಡಿ.

ಹಂತ 1: ಫ್ಲ್ಯಾಶ್ ಬಂದ್ ಮಾಡಿ, ಸ್ಥಳದ ಬೆಳಕನ್ನು ಅಳೆಯಿರಿ

ಕ್ಯಾಮೆರಾವನ್ನು ಮ್ಯಾನ್ಯುಯಲ್ ಮೋಡ್‌ಗೆ ಹಾಕಿ. ಆಟೋ ಐಎಸ್ಒ ಚಾಲೂ ಇದ್ದರೆ ಅದನ್ನು ತೆಗೆಯಿರಿ. ಇದನ್ನು ಮರೆತವರ ಲೆಕ್ಕ ಫ್ಲ್ಯಾಶ್ ಹಾಕಿದ ಕೂಡಲೇ ತಲೆಕೆಳಗಾಗುತ್ತದೆ, ಏಕೆಂದರೆ ಫ್ಲ್ಯಾಶ್ ಇರುವಾಗ ಆಟೋ ಐಎಸ್ಒ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಒಂದೊಂದು ಕ್ಯಾಮೆರಾದಲ್ಲಿ ಒಂದೊಂದು ಥರ.

ಅಡಿಕೆ ಚಪ್ಪರವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡು ಬಲ್ಬುಗಳು ಉರಿಯುತ್ತಿವೆ, ಹಿಂದೆ ಹಂಡೆಯಡಿ ಬೆಂಕಿಯಿದೆ. ಐಎಸ್ಒ 1600, ಅಪರ್ಚರ್ ಎಫ್/4 ಇಟ್ಟಾಗ ಕ್ಯಾಮೆರಾದ ಬೆಳಕಿನ ಮೀಟರ್ 1/10 ಸೆಕೆಂಡ್ ಕೇಳಿತು ಎಂದುಕೊಳ್ಳಿ. ಆ 1/10ರಲ್ಲಿ ತೆಗೆದರೆ ಇರುಳು ಹಗಲಾದಂತೆ ಕಾಣುತ್ತದೆ, ಬಲ್ಬಿನ ಸುತ್ತ ಬಿಳಿ ಬಣ್ಣ ಹರಡಿಕೊಳ್ಳುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಮಾಡಿ, ಅಂದರೆ ಶಟರನ್ನು 1/25ಕ್ಕೆ ತನ್ನಿ. ಅಂಗಳ ಮಬ್ಬಾಗಿ, ಆದರೆ ಗುರುತು ಸಿಗುವಂತೆ ಉಳಿಯಬೇಕು. ಮುಖ ಕಪ್ಪಾಗಿ ಕಂಡರೆ ಚಿಂತಿಸಬೇಡಿ, ಮುಖದ ಕೆಲಸ ಫ್ಲ್ಯಾಶಿಗೆ ಬಿಟ್ಟದ್ದು.

1/25 ಎಂದು ಸುಮ್ಮನೆ ಹೇಳಲಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ಎಲ್ಇಡಿ ಬಲ್ಬುಗಳೂ ಟ್ಯೂಬ್‌ಲೈಟುಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗ 1/100, 1/50, 1/25 ಹೀಗೆ ಇದ್ದರೆ ಪೂರ್ಣ ಮಿನುಗುಗಳು ಒಳಗೆ ಬಂದು ಹಿನ್ನೆಲೆ ಸಮವಾಗಿರುತ್ತದೆ. 1/160 ಅಥವಾ 1/200 ಇಟ್ಟಾಗ ಒಂದು ಚಿತ್ರ ಬೆಳಕು, ಮುಂದಿನದು ಕತ್ತಲು, ಇನ್ನೊಂದರಲ್ಲಿ ಅಡ್ಡ ಪಟ್ಟೆ.

ಈ ಹಂತ ಸರಿಯಾಗಿ ಮುಗಿದಿದೆಯೇ ಎಂದು ತಿಳಿಯಲು ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆದು ಪರದೆಯಲ್ಲಿ ನೋಡಿ. ಬಲ್ಬು ಮತ್ತು ಬೆಂಕಿಯನ್ನು ಬಿಟ್ಟು ಬೇರೆಲ್ಲೂ ಹೆಚ್ಚು ಬೆಳಕಿನ ಎಚ್ಚರಿಕೆ ಮಿನುಗಬಾರದು.

ಹಂತ 2: ಫ್ಲ್ಯಾಶ್ ಬೆಳಕು ಎಲ್ಲಿಂದ ಬರಬೇಕೆಂದು ತೀರ್ಮಾನಿಸಿ

ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಮಾಡಿಗೆ ಹೊಡೆಯಿರಿ ಎಂಬ ಸಲಹೆಯನ್ನು ಎಲ್ಲೆಡೆ ಕೇಳಿರುತ್ತೀರಿ. ಅದು ಬಿಳಿ ಆರ್‌ಸಿಸಿ ತಾರಸಿಯ ಮನೆಗೆ ಹೇಳಿದ ಮಾತು. ಮಲೆನಾಡಿನ ಹಳೆಯ ಮನೆಯಲ್ಲಿ ತಲೆಯ ಮೇಲಿರುವುದು ಹೊಗೆ ಹಿಡಿದ ಹಲಗೆಯ ಅಟ್ಟ ಅಥವಾ ಮಂಗಳೂರು ಹೆಂಚು. ಅವು ಬೆಳಕನ್ನು ನುಂಗುತ್ತವೆ, ಉಳಿದ ಸ್ವಲ್ಪವನ್ನು ಕಂದು ಬಣ್ಣ ಹಚ್ಚಿ ಕಳಿಸುತ್ತವೆ. ಕೆಂಪು ಗಾರೆಯ ನೆಲವಿದ್ದರಂತೂ ಗಲ್ಲದ ಕೆಳಗೆ ಕೆಂಪು ಛಾಯೆ ಬೇರೆ.

ಪಕ್ಕದಲ್ಲಿ ಸುಣ್ಣ ಬಳಿದ ಗೋಡೆಯಿದ್ದರೆ ತಲೆಯನ್ನು ಅತ್ತ ತಿರುಗಿಸಿ. ಅದೂ ಇಲ್ಲದ ಚಪ್ಪರದಲ್ಲಿ ಬಿಳಿ ಪಂಚೆಯನ್ನು ಎರಡು ಕಂಬಗಳ ನಡುವೆ ಕಟ್ಟಿ ಫ್ಲ್ಯಾಶನ್ನು ಅದಕ್ಕೆ ಹೊಡೆಯಿರಿ. ಕಿಟಕಿಯಿಂದ ಬಂದಂಥ ಮೆತ್ತನೆಯ ಬೆಳಕು ಸಿಗುತ್ತದೆ. ಪಂಚೆಯ ಅಂಚಿನ ಬಣ್ಣದ ಪಟ್ಟಿ ಬೆಳಕು ಬೀಳುವ ಜಾಗದಿಂದ ಹೊರಗಿರಲಿ.

ಬಲ್ಬು ಹಳದಿಯಾಗಿದ್ದರೆ ಫ್ಲ್ಯಾಶಿಗೆ ಕಿತ್ತಳೆ ಜೆಲ್ ಕಟ್ಟಿ. ಹಳೆಯ ತಂತಿ ಬಲ್ಬಿನ ಬಣ್ಣದ ಉಷ್ಣತೆ 2700ರಿಂದ 3000 ಕೆಲ್ವಿನ್, ಫ್ಲ್ಯಾಶಿನದು ಸುಮಾರು 5500. ಜೆಲ್ ಇಲ್ಲದಿದ್ದರೆ ಮುಖ ನೀಲಿ ಇಲ್ಲವೇ ಹಿನ್ನೆಲೆ ಕಡು ಕಿತ್ತಳೆ. ಎರಡನ್ನೂ ಒಟ್ಟಿಗೆ ಕಂಪ್ಯೂಟರಿನಲ್ಲಿ ಸರಿಪಡಿಸುವುದು ಬಹಳ ಕಷ್ಟ. ಜೆಲ್ ಕಟ್ಟಿದ ಮೇಲೆ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಚಿಹ್ನೆಗೆ ಇಡಿ. ಈಗ ಹೆಚ್ಚಿನ ಮನೆಗಳಲ್ಲಿರುವ ಬಿಳಿ ಎಲ್ಇಡಿಗೆ ಜೆಲ್ ಬೇಕಾಗುವುದಿಲ್ಲ.

ಹಂತ 3: ಫ್ಲ್ಯಾಶಿನ ಶಕ್ತಿಯನ್ನು ಕೆಳಗಿನಿಂದ ಮೇಲಕ್ಕೆ ಏರಿಸಿ

ಇಲ್ಲಿ ಆಗುವ ತಪ್ಪು ಒಂದೇ: ಕತ್ತಲೆ ಇದೆ, ಆದ್ದರಿಂದ ಫ್ಲ್ಯಾಶ್ ಜೋರಾಗಿರಬೇಕು ಎಂಬ ಊಹೆ. ಐಎಸ್ಒ ಏರಿಸಿದಾಗ ಫ್ಲ್ಯಾಶಿನ ಕೈ ಕೂಡ ಉದ್ದವಾಗುತ್ತದೆ ಎಂಬುದನ್ನು ಜನ ಮರೆಯುತ್ತಾರೆ.

ನಿಕಾನ್ ಡಿ5600ದ ಪುಟ್ಟ ಫ್ಲ್ಯಾಶಿನ ಗೈಡ್ ನಂಬರ್ (ಪೂರ್ಣ ಶಕ್ತಿಯ ಅಳತೆ) ಐಎಸ್ಒ 100ರಲ್ಲಿ ಮೀಟರ್ ಲೆಕ್ಕದಲ್ಲಿ 12. ಆ ಅಂಕಿಯನ್ನು ಅಪರ್ಚರಿನಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಸಿಗುತ್ತದೆ. ಎಫ್/4ರಲ್ಲಿ 3 ಮೀಟರ್. ಐಎಸ್ಒ ನಾಲ್ಕು ಪಟ್ಟಾದಾಗಲೆಲ್ಲ ದೂರ ಎರಡು ಪಟ್ಟಾಗುತ್ತದೆ. ಐಎಸ್ಒ 400ರಲ್ಲಿ 6 ಮೀಟರ್, 1600ರಲ್ಲಿ 12 ಮೀಟರ್. ನಿಮ್ಮ ಮುಂದೆ ಅಡಿಕೆ ಸುಲಿಯುತ್ತಿರುವ ಅಜ್ಜಿ ಇರುವುದು 2 ಮೀಟರ್ ದೂರದಲ್ಲಿ. ಅಷ್ಟಕ್ಕೆ ಪೂರ್ಣ ಶಕ್ತಿಯ ಸುಮಾರು 1/32 ಭಾಗ ಸಾಕು. ದೊಡ್ಡ ಬಾಹ್ಯ ಫ್ಲ್ಯಾಶನ್ನು ನೇರವಾಗಿ ಹೊಡೆದರೆ 1/128 ಕೂಡ ಹೆಚ್ಚೇ. ಪಂಚೆಗೋ ಗೋಡೆಗೋ ಹೊಡೆದರೆ 1/64, 1/32ರ ಸುತ್ತ ನಿಲ್ಲುತ್ತದೆ.

ಆದ್ದರಿಂದ ಫ್ಲ್ಯಾಶನ್ನು ಮ್ಯಾನ್ಯುಯಲ್‌ನಲ್ಲಿ ಅತಿ ಕಡಿಮೆ ಶಕ್ತಿಗೆ ಇಟ್ಟು, ಒಂದೊಂದು ಚಿತ್ರ ತೆಗೆದು, ಒಂದೊಂದು ಮೆಟ್ಟಿಲು ಏರಿಸಿ. ಮುಖ ಹಿನ್ನೆಲೆಗಿಂತ ಸ್ವಲ್ಪ ಬೆಳಗಿದ ಕೂಡಲೇ ನಿಲ್ಲಿಸಿ. ಕಡಿಮೆ ಶಕ್ತಿಯಿಂದ ಇನ್ನೂ ಎರಡು ಲಾಭಗಳಿವೆ: ಮಿಂಚು ಅತಿ ಚುರುಕಾಗಿ ಮುಗಿಯುವುದರಿಂದ ಕೈಯ ಚಲನೆ ಹರಿತವಾಗಿ ನಿಲ್ಲುತ್ತದೆ, ಮುಂದಿನ ಚಿತ್ರಕ್ಕೆ ಫ್ಲ್ಯಾಶ್ ಬೇಗ ಸಿದ್ಧವಾಗುತ್ತದೆ.

ಜನ ಅತ್ತಿತ್ತ ಓಡಾಡುವ ಮದುವೆ ಮನೆಯಲ್ಲಿ ಮ್ಯಾನ್ಯುಯಲ್ ಶಕ್ತಿ ಕಷ್ಟ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುವುದರಿಂದ ಪ್ರತಿ ಹೆಜ್ಜೆಗೂ ಲೆಕ್ಕ ತಪ್ಪುತ್ತದೆ. ಅಲ್ಲಿ ಟಿಟಿಎಲ್ (ಲೆನ್ಸಿನ ಮೂಲಕ ಅಳೆದು ಕ್ಯಾಮೆರಾವೇ ಫ್ಲ್ಯಾಶಿನ ಶಕ್ತಿ ನಿರ್ಧರಿಸುವ ವಿಧಾನ) ಇಟ್ಟು, ಫ್ಲ್ಯಾಶಿನ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಫ್ಲ್ಯಾಶ್ ಕಾಂಪೆನ್ಸೇಶನ್ ಅನ್ನು ಮೈನಸ್ 1ಕ್ಕೆ ಇಳಿಸಿ. ಫ್ಲ್ಯಾಶ್ ಕಾಂಪೆನ್ಸೇಶನ್ ಬೇರೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಬೇರೆ. ಕೆಲವು ಕ್ಯಾಮೆರಾಗಳಲ್ಲಿ ಗುಂಡಿಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಎಚ್ಚರವಿರಲಿ.

ಹಂತ 4: ಈಗ ಸಿಂಕ್ ಮೋಡ್ ಆರಿಸಿ

ನಿಕಾನ್‌ನ ಡಿಎಸ್ಎಲ್ಆರ್‌ಗಳಲ್ಲಿ ಫ್ಲ್ಯಾಶ್ ಗುಂಡಿ ಒತ್ತಿ ಹಿಡಿದು ಚಕ್ರ ತಿರುಗಿಸಿದರೆ ಮೋಡ್‌ಗಳು ಬರುತ್ತವೆ. ಕ್ಯಾನನ್‌ನಲ್ಲಿ ಮೆನುವಿನ ಫ್ಲ್ಯಾಶ್ ನಿಯಂತ್ರಣದೊಳಗೆ ಶಟರ್ ಸಿಂಕ್ ಎಂಬ ಸಾಲಿದೆ. ಸೋನಿಯಲ್ಲಿ ಫ್ಲ್ಯಾಶ್ ಮೋಡ್ ಎಂಬ ಪಟ್ಟಿಯಲ್ಲಿ ಫಿಲ್, ಸ್ಲೋ, ರಿಯರ್ ಎಂದು ಇರುತ್ತವೆ. ಯಾವುದೂ ಕಾಣಿಸದೆ ಮಸುಕಾಗಿದ್ದರೆ ಮೊದಲು ಸೈಲೆಂಟ್ ಶಟರ್ ಚಾಲೂ ಇದೆಯೇ ನೋಡಿ; ಹೆಚ್ಚಿನ ಕ್ಯಾಮೆರಾಗಳು ಆ ಸ್ಥಿತಿಯಲ್ಲಿ ಫ್ಲ್ಯಾಶ್ ಹೊತ್ತಿಸುವುದಿಲ್ಲ.

*ಸ್ಲೋ ಸಿಂಕ್.* ಪಿ (ಪ್ರೋಗ್ರಾಂ) ಅಥವಾ ಅಪರ್ಚರ್ ಆದ್ಯತೆಯ ಮೋಡ್‌ನಲ್ಲಿ ಫ್ಲ್ಯಾಶ್ ಹಾಕಿದಾಗ ನಿಕಾನ್ ಕ್ಯಾಮೆರಾಗಳು ಸಾಮಾನ್ಯವಾಗಿ 1/60ಕ್ಕಿಂತ ನಿಧಾನಕ್ಕೆ ಇಳಿಯುವುದಿಲ್ಲ. ಆ ತಡೆಯನ್ನು ತೆಗೆದುಹಾಕುವುದಷ್ಟೇ ಸ್ಲೋ ಸಿಂಕ್‌ನ ಕೆಲಸ. ಕ್ಯಾನನ್‌ನ ಎವಿ (ಅಪರ್ಚರ್ ಆದ್ಯತೆಯ) ಮೋಡ್ ತಾನಾಗಿಯೇ ಕೆಳಕ್ಕೆ ಇಳಿಯುತ್ತದೆ. ಅಲ್ಲಿ ಬೇಕಿದ್ದರೆ ಮೆನುವಿನಲ್ಲಿ 1/60ರ ತಡೆ ಹಾಕಿಕೊಳ್ಳಬೇಕು. ನೀವು ಹಂತ 1ರಲ್ಲಿ ಹೇಳಿದಂತೆ ಮ್ಯಾನ್ಯುಯಲ್‌ನಲ್ಲಿ 1/25 ಇಟ್ಟಿದ್ದರೆ ಆಗಲೇ ಸ್ಲೋ ಸಿಂಕ್ ಮಾಡುತ್ತಿದ್ದೀರಿ. ಆ ಹೆಸರಿನ ಮೋಡ್ ಮೆನುವಿನಲ್ಲಿ ಸಿಗಲಿಲ್ಲವೆಂದು ಹುಡುಕಾಡಬೇಕಾಗಿಲ್ಲ.

*ಫ್ರಂಟ್ ಕರ್ಟನ್.* ಮೊದಲ ಪರದೆ ಪೂರ್ತಿ ತೆರೆದ ಕ್ಷಣವೇ ಫ್ಲ್ಯಾಶ್ ಹೊತ್ತುತ್ತದೆ. ಗುಂಡಿ ಒತ್ತಿದ ಗಳಿಗೆಯೇ ಸಿಗುವುದರಿಂದ ಧಾರೆ ಎರೆಯುವುದು, ಮಗು ನಗುವುದು, ಆರತಿ ಎತ್ತುವುದು ಇಂಥ ಮರಳಿ ಬಾರದ ಕ್ಷಣಗಳಿಗೆ ಇದೇ ಸರಿ. ಮೆಟ್ಟುಗತ್ತಿಯ ಚಿತ್ರಕ್ಕೂ ನಾನು ಇದನ್ನೇ ಇಡುತ್ತೇನೆ. ಬಲಗೈ ಅಡಿಕೆಯನ್ನು ಅಲಗಿಗೆ ಒತ್ತಿ ಹೊರಳಿಸಿ ಸಿಪ್ಪೆ ಬಿಡಿಸುವ ವೇಗ ಎಷ್ಟೆಂದರೆ, ಅಲಗಿನ ಮೇಲೆ ಕೈ ಇರುವ ಗಳಿಗೆಯನ್ನು ಕಣ್ಣಿಂದ ಹಿಡಿಯುವುದೇ ಕಷ್ಟ. ಅದನ್ನು ಕಂಡೊಡನೆ ಫ್ಲ್ಯಾಶ್ ಹೊತ್ತಬೇಕು. 1/25ರಲ್ಲಿ ಬೆರಳುಗಳ ಸುತ್ತ ಸಣ್ಣ ಮಸುಕು ಉಳಿಯುತ್ತದೆ, ಅದು ಚಿತ್ರಕ್ಕೆ ಜೀವ ಕೊಡುತ್ತದೆ.

*ರಿಯರ್ ಕರ್ಟನ್.* ಎರಡನೆಯ ಪರದೆ ಮುಚ್ಚುವ ತುಸು ಮೊದಲು ಫ್ಲ್ಯಾಶ್ ಹೊತ್ತುತ್ತದೆ. ಶಟರ್ ತೆರೆದ ಹೊತ್ತಿನಲ್ಲಿ ಆದ ಚಲನೆ ಮೊದಲು ದಾಖಲಾಗಿ, ಹರಿತವಾದ ರೂಪ ಕೊನೆಗೆ ಮೂಡುವುದರಿಂದ ಬೆಳಕಿನ ಗೆರೆಗಳು ವ್ಯಕ್ತಿಯ ಹಿಂದೆ ಉಳಿಯುತ್ತವೆ. ಫ್ರಂಟ್ ಕರ್ಟನ್‌ನಲ್ಲಾದರೆ ಅವೇ ಗೆರೆಗಳು ಮುಂದಕ್ಕೆ ಚಾಚಿ, ಕುಣಿಯುವವನು ಹಿಮ್ಮುಖವಾಗಿ ಹೋಗುತ್ತಿರುವಂತೆ ಕಾಣುತ್ತದೆ.

ಸಾಗರದ ಕಡೆಯ ಡೊಳ್ಳು ಕುಣಿತ ಇದಕ್ಕೆ ಹೇಳಿ ಮಾಡಿಸಿದ ವಿಷಯ. ಐಎಸ್ಒ 800, ಎಫ್/5.6, ಶಟರ್ 1/8ರಿಂದ ಆರಂಭಿಸಿ. 3 ಮೀಟರ್ ದೂರಕ್ಕೆ ಬಾಹ್ಯ ಫ್ಲ್ಯಾಶ್ 1/32 ಅಥವಾ 1/16 ಶಕ್ತಿಯಲ್ಲಿರಲಿ. ಕುಣಿಯುವವರ ಮೈಮೇಲೆ ಸ್ಥಳದ ಬೆಳಕೂ ಬೀಳಬೇಕು, ಹಿನ್ನೆಲೆ ಮಾತ್ರ ಕಪ್ಪಾಗಿರಬೇಕು. ಆಗ ಕೋಲು ಮೇಲಿನಿಂದ ಬರುವ ಹಾದಿ ಬಿಳಿ ಕಮಾನಿನಂತೆ ಎಳೆದು, ಕೊನೆಯಲ್ಲಿ ಚರ್ಮಕ್ಕೆ ಬಡಿದ ಕೋಲು ಹರಿತವಾಗಿ ನಿಲ್ಲುತ್ತದೆ. ಹತ್ತರಲ್ಲಿ ಏಳು ಚಿತ್ರ ಕೆಡುತ್ತವೆ, ಬೇಸರ ಮಾಡಿಕೊಳ್ಳಬೇಡಿ. ಕೋಲು ಕೆಳಗಿಳಿಯಲು ಆರಂಭಿಸುವಾಗಲೇ ಗುಂಡಿ ಒತ್ತುವ ಅಂದಾಜು ತಾಳ ಕಿವಿಗೆ ಹತ್ತಿದ ಮೇಲೆಯೇ ಬರುವುದು.

ರಿಯರ್ ಕರ್ಟನ್ ಏನೂ ಮಾಡಲಿಲ್ಲ ಎನ್ನುವವರು ಎರಡು ವಿಷಯ ಪರೀಕ್ಷಿಸಬೇಕು. ಶಟರ್ 1/125 ಇದ್ದರೆ ಫ್ರಂಟ್ ಮತ್ತು ರಿಯರ್ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. 1/30 ಅಥವಾ ಅದಕ್ಕಿಂತ ನಿಧಾನವಾಗಬೇಕು. ಚಲಿಸುವವರ ಮೇಲೆ ಫ್ಲ್ಯಾಶ್ ಬಿಟ್ಟು ಬೇರೆ ಬೆಳಕೇ ಇಲ್ಲದಿದ್ದರೆ ಗೆರೆ ಮೂಡಲು ಸಾಧ್ಯವಿಲ್ಲ. ಇವೆರಡೂ ಸರಿಯಿದ್ದು ಗೆರೆ ಮುಂದಕ್ಕೇ ಬರುತ್ತಿದ್ದರೆ ದೋಷ ಟ್ರಿಗರಿನಲ್ಲಿದೆ (ಕ್ಯಾಮೆರಾದಿಂದ ದೂರವಿಟ್ಟ ಫ್ಲ್ಯಾಶನ್ನು ಹೊತ್ತಿಸುವ ಸಾಧನ). ಕ್ಯಾನನ್‌ನಲ್ಲಿ ರಿಯರ್ ಕರ್ಟನ್ ನಡೆಯಲು ಫ್ಲ್ಯಾಶಿಗೂ ಕ್ಯಾಮೆರಾಕ್ಕೂ ಮಾತುಕತೆ ನಡೆಯಬೇಕು. ಒಂದೇ ಪಿನ್ನಿನ ಸರಳ ಟ್ರಿಗರ್ ಅದನ್ನು ದಾಟಿಸುವುದಿಲ್ಲ.

ಮನೆಯಲ್ಲೇ ಖಚಿತಪಡಿಸಿಕೊಳ್ಳುವ ದಾರಿ ಸುಲಭ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಶಟರ್ 1 ಸೆಕೆಂಡ್ ಮಾಡಿ, ಮನೆಯವರೊಬ್ಬರ ಕೈಗೆ ಹೊತ್ತಿಸಿದ ಊದುಬತ್ತಿ ಕೊಟ್ಟು ಎಡದಿಂದ ಬಲಕ್ಕೆ ನಡೆಯಲು ಹೇಳಿ. ಕೆಂಪು ಗೆರೆ ಕೈಯ ಹಿಂದೆ ಉಳಿದರೆ ರಿಯರ್ ನಿಜವಾಗಿಯೂ ನಡೆಯುತ್ತಿದೆ. ಕೈಯ ಮುಂದೆ ಓಡಿದರೆ ಇಲ್ಲ.

*ರೆಡ್ ಐ ತಡೆ.* ಇದನ್ನು ಬಂದ್ ಮಾಡಿಡಿ. ಕಣ್ಣಿನ ಪಾಪೆ ಕುಗ್ಗಲೆಂದು ಕ್ಯಾಮೆರಾ ಸುಮಾರು ಒಂದು ಸೆಕೆಂಡ್ ದೀಪ ಹೊತ್ತಿಸಿ ಆಮೇಲೆ ಚಿತ್ರ ತೆಗೆಯುತ್ತದೆ. ಹಿಂದಿನ ದಿನ ಯಾವುದೋ ಕಾರಣಕ್ಕೆ ಚಾಲೂ ಮಾಡಿದ್ದನ್ನು ಮರೆತು, ಸೋದರತ್ತೆಯ ಮಗಳ ಮದುವೆಯಲ್ಲಿ ಧಾರೆಯ ನೀರು ಬಿದ್ದು ಮುಗಿದ ಮೇಲಿನ ಒದ್ದೆ ಕೈಗಳನ್ನು ಮಾತ್ರ ನಾನು ತೆಗೆದಿದ್ದೇನೆ. ಆ ಆಲ್ಬಮ್ಮನ್ನು ಅತ್ತೆ ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾರೆ.

*ಹೈ ಸ್ಪೀಡ್ ಸಿಂಕ್.* ಸಿಂಕ್ ವೇಗ ಮೀರಿದಾಗ, ಪರದೆಗಳ ನಡುವಿನ ಸೀಳು ಓಡುವಷ್ಟು ಹೊತ್ತೂ ಫ್ಲ್ಯಾಶ್ ಸಣ್ಣ ಸಣ್ಣ ಮಿಂಚುಗಳನ್ನು ಬಿಡುತ್ತಲೇ ಇರುವ ವಿಧಾನವಿದು. ಎರಡು ಸ್ಟಾಪ್ ಅಥವಾ ಅದಕ್ಕೂ ಹೆಚ್ಚು ಶಕ್ತಿ ಸೋರಿಹೋಗುತ್ತದೆ. ಹಗಲು ಬಿಸಿಲಿನಲ್ಲಿ ಬೇಕಾಗುವಂಥದ್ದು. ಕತ್ತಲೆಯ ಕೆಲಸಕ್ಕೆ ಬೇಡ.

ಹಂತ 5: ತೆಗೆಯುವಾಗ ಪಾಲಿಸಬೇಕಾದದ್ದು

ಟಿಟಿಎಲ್ ಇದ್ದಾಗ ಫ್ಲ್ಯಾಶ್ ಎರಡು ಬಾರಿ ಹೊತ್ತುತ್ತದೆ: ಅಳತೆಗಾಗಿ ಒಂದು ಸಣ್ಣ ಮಿಂಚು, ಆಮೇಲೆ ಅಸಲು. ಫ್ರಂಟ್ ಕರ್ಟನ್‌ನಲ್ಲಿ ಎರಡೂ ಬೆನ್ನುಬೆನ್ನಿಗೆ ಬರುವುದರಿಂದ ಒಂದೇ ಎನಿಸುತ್ತದೆ. ರಿಯರ್ ಕರ್ಟನ್‌ನಲ್ಲಿ ಶಟರ್ 1 ಸೆಕೆಂಡ್ ಇದ್ದರೆ ನಡುವೆ ಒಂದು ಸೆಕೆಂಡ್ ಅಂತರ ಬೀಳುತ್ತದೆ. ಮೊದಲ ಮಿಂಚು ಕಂಡೊಡನೆ ಫೋಟೋ ಆಯಿತೆಂದು ಜನ ತಲೆ ತಿರುಗಿಸುತ್ತಾರೆ, ಎರಡನೆಯದು ಅವರ ಕಿವಿಯನ್ನು ತೆಗೆಯುತ್ತದೆ. ನಿಂತ ಗುಂಪಿಗೆ ರಿಯರ್ ಕರ್ಟನ್ ಬೇಕಾಗಿಯೇ ಇಲ್ಲ. ಇಟ್ಟೇ ತೀರುತ್ತೇನೆ ಎನ್ನುವವರು ಫ್ಲ್ಯಾಶನ್ನು ಮ್ಯಾನ್ಯುಯಲ್ ಶಕ್ತಿಗೆ ಹಾಕಿದರೆ ಮುನ್ನಿನ ಮಿಂಚು ಇಲ್ಲವಾಗುತ್ತದೆ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವವನ್ನು ಗಮನಿಸಿ. ತುಂಗೆಯ ಮೇಲಿನ ತೆಪ್ಪಕ್ಕೆ ದಡದಿಂದ ಫ್ಲ್ಯಾಶ್ ಹೊಡೆಯುವವರು ನೂರಾರು ಜನ. ಆ ಬೆಳಕು ನೀರಿನ ಅಂಚನ್ನೂ ಸರಿಯಾಗಿ ದಾಟುವುದಿಲ್ಲ, ಮುಂದೆ ನಿಂತವರ ತಲೆಗೂದಲನ್ನು ಮಾತ್ರ ಬೆಳಗುತ್ತದೆ. ತೆಪ್ಪ ಅಥವಾ ಪಟಾಕಿ ಮಾತ್ರ ಬೇಕಿದ್ದರೆ ಫ್ಲ್ಯಾಶ್ ಬಂದ್ ಮಾಡಿ. ಮನೆಯವರನ್ನು ದಡದಲ್ಲಿ ನಿಲ್ಲಿಸಿ ಹಿಂದೆ ದೀಪದ ತೆಪ್ಪ ಬರಬೇಕೆಂದರೆ ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಶಟರ್ 1/2 ಸೆಕೆಂಡಿನ ಆಸುಪಾಸು ಇರಲಿ, ಫ್ರಂಟ್ ಕರ್ಟನ್ ಇರಲಿ. ಮಿಂಚಿದ ಮೇಲೂ ಎರಡು ಎಣಿಸುವವರೆಗೆ ಅಲುಗಾಡಬೇಡಿ ಎಂದು ಮೊದಲೇ ಹೇಳಿ. ಅವರನ್ನು ಬೀದಿದೀಪದ ಕೆಳಗೆ ನಿಲ್ಲಿಸಬೇಡಿ. ಕತ್ತಲಿನ ಜಾಗದಲ್ಲಿ ನಿಂತರೆ ಅವರ ಮೇಲೆ ಫ್ಲ್ಯಾಶ್ ಮಾತ್ರ ಬಿದ್ದು, ತುಸು ಅಲುಗಿದರೂ ಚಿತ್ರ ಕೆಡುವುದಿಲ್ಲ. ಬೆನ್ನ ಹಿಂದೆ ನೇರವಾಗಿ ಉಜ್ವಲ ದೀಪವಿದ್ದರೆ ಮಾತ್ರ ಅಲುಗಿದಾಗ ಆ ದೀಪ ಭುಜದ ಅಂಚನ್ನು ಕೊರೆದು ತೋರುತ್ತದೆ.

ಲೆನ್ಸಿನ ಅಲುಗಾಟ ತಡೆ ನಿಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಎದುರಿನವರ ಚಲನೆಯನ್ನಲ್ಲ.

ಹಂತ 6: ಚಿತ್ರ ನೋಡಿ ದೋಷ ಗುರುತಿಸಿ

ಮೊದಲ ಐದು ಚಿತ್ರಗಳ ನಂತರ ನಿಂತು, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಮುಖ ಸರಿಯಿದ್ದು ಹಿನ್ನೆಲೆ ಕಪ್ಪಾಗಿದ್ದರೆ ಶಟರ್ ನಿಧಾನ ಮಾಡಬೇಕು, ಫ್ಲ್ಯಾಶ್ ಮುಟ್ಟಬಾರದು. ಹಿನ್ನೆಲೆ ಸರಿಯಿದ್ದು ಮುಖ ಬೆಳ್ಳಗಾಗಿದ್ದರೆ ಫ್ಲ್ಯಾಶಿನ ಶಕ್ತಿ ಇಳಿಸಬೇಕು, ಶಟರ್ ಮುಟ್ಟಬಾರದು. ಈ ಎರಡನ್ನು ಅದಲುಬದಲು ಮಾಡುವುದರಿಂದಲೇ ಅರ್ಧ ಗಂಟೆ ವ್ಯರ್ಥವಾಗುತ್ತದೆ.

ಮುಖದ ಹರಿತ ರೂಪದ ಸುತ್ತ ಇನ್ನೊಂದು ಮಸುಕು ರೂಪ ದೆವ್ವದಂತೆ ನಿಂತಿದ್ದರೆ ಸ್ಥಳದ ಬೆಳಕು ಆ ಮುಖದ ಮೇಲೆ ಹೆಚ್ಚಾಗಿದೆ. ಐಎಸ್ಒ ಒಂದು ಸ್ಟಾಪ್ ಇಳಿಸಿ ಫ್ಲ್ಯಾಶ್ ಒಂದು ಸ್ಟಾಪ್ ಏರಿಸಿ, ಅಥವಾ ವ್ಯಕ್ತಿಯನ್ನು ಬಲ್ಬಿನ ಕೆಳಗಿನಿಂದ ಸ್ವಲ್ಪ ಸರಿಸಿ. ಎಲ್ಲವೂ ಒಂದೇ ದಿಕ್ಕಿಗೆ ಅಲುಗಿದ್ದರೆ ಅದು ನಿಮ್ಮ ಕೈ.

ಚಿತ್ರದ ಒಂದು ಬದಿಯಲ್ಲಿ ನೇರ ಅಂಚಿನ ಕಪ್ಪು ಪಟ್ಟಿ ಕಂಡರೆ ಸಿಂಕ್ ವೇಗ ಮೀರಿದ್ದೀರಿ. ಕ್ಯಾಮೆರಾಕ್ಕೆ ಗೊತ್ತಿರುವ ಫ್ಲ್ಯಾಶ್ ಇದ್ದರೆ ಅದೇ ತಡೆಯುತ್ತದೆ. ಸರಳ ಟ್ರಿಗರ್ ಇದ್ದಾಗ ತಡೆಯುವವರಿಲ್ಲ. ಕೆಲವು ಟ್ರಿಗರ್‌ಗಳು ತಾವೇ ತಡಮಾಡುವುದರಿಂದ 1/200 ಎಂದಿದ್ದರೂ 1/160ಕ್ಕೆ ಇಳಿಸಿದ ಮೇಲೆಯೇ ಪಟ್ಟಿ ಹೋಗುತ್ತದೆ. ಮೂರು ಚಿತ್ರಗಳಲ್ಲಿ ಒಂದಕ್ಕೆ ಫ್ಲ್ಯಾಶಿನ ಬೆಳಕೇ ಬೀಳದಿದ್ದರೆ ಬಹುಶಃ ಸೆಲ್ ಸೋತಿದೆ.

ಮಳೆ, ಮಂಜು, ಹಂಡೆಯ ಹಬೆ

ಆಗುಂಬೆಯ ಮಂಜಿನಲ್ಲಿ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಡೆದರೆ ಬಿಳಿ ಗೋಡೆಯೊಂದನ್ನೇ ಕಾಣುತ್ತೀರಿ. ಲೆನ್ಸಿನ ಮುಂದೆಯೇ ತೇಲುವ ಹನಿಗಳು ಬೆಳಕನ್ನು ನೇರ ವಾಪಸು ಕಳಿಸುತ್ತವೆ. ಮಳೆಯ ಹನಿಗಳು ಬಟ್ಟಲಗಲದ ಬಿಳಿ ಚುಕ್ಕೆಗಳಾಗುತ್ತವೆ. ಫ್ಲ್ಯಾಶನ್ನು ಟ್ರಿಗರ್ ಮೂಲಕ ಪಕ್ಕಕ್ಕೆ, ಲೆನ್ಸಿನಿಂದ ಕನಿಷ್ಠ ಒಂದು ತೋಳುದ್ದ ದೂರಕ್ಕೆ ಒಯ್ಯಿರಿ. ಅಡಿಕೆ ಬೇಯುವ ಹಂಡೆಯ ಹಬೆಗೂ ಇದೇ ಮಾತು. ಅಲ್ಲಿ ಫ್ಲ್ಯಾಶನ್ನು ಹಬೆಯ ಹಿಂಬದಿಯ ಓರೆಯಲ್ಲಿ ಇಟ್ಟರೆ ಹಬೆಯೇ ಬೆಳಗಿ ಮೇಲೇಳುತ್ತದೆ.

ಫ್ಲ್ಯಾಶಿನೊಳಗೆ ಅಧಿಕ ವೋಲ್ಟೇಜಿನ ಕೆಪಾಸಿಟರ್ ಇರುತ್ತದೆ. ಒಳಗೆ ನೀರು ಹೋಗಿದ್ದರೆ ಹೊತ್ತಿಸಿ ನೋಡುವ ದುಡುಕು ಬೇಡ. ಸೆಲ್ ತೆಗೆದು ರಿಪೇರಿಯವರಿಗೆ ಕೊಡಿ. ಮಳೆಗಾಲದಲ್ಲಿ ಸೆಲ್‌ಗಳನ್ನು ಒಳಗೇ ಬಿಟ್ಟರೆ ಸಂಪರ್ಕದ ಲೋಹಕ್ಕೆ ಹಸಿರು ಕಿಲುಬು ಹತ್ತುತ್ತದೆ.

ಹೊತ್ತಿಸಬಾರದ ಜಾಗಗಳು

ಯಕ್ಷಗಾನದ ರಂಗಸ್ಥಳದ ಮುಂದೆ ಸಂಘಟಕರನ್ನು ಕೇಳದೆ ಫ್ಲ್ಯಾಶ್ ಹಾಕಬಾರದು. ದಿಗಿಣ ಹೊಡೆಯುತ್ತಿರುವ ವೇಷಧಾರಿಯ ಕಣ್ಣಿಗೆ ಮಿಂಚು ಬಡಿದರೆ ಹೆಜ್ಜೆ ತಪ್ಪುತ್ತದೆ. ರಂಗದ ಬೆಳಕು ಸಾಮಾನ್ಯವಾಗಿ ಸಾಕಷ್ಟಿರುತ್ತದೆ, ಐಎಸ್ಒ 3200 ಇಟ್ಟು ತೆಗೆಯಿರಿ.

ಸಕ್ರೆಬೈಲಿನ ಆನೆಗಳ ಮುಖಕ್ಕೂ, ಮಂಡಗದ್ದೆಯ ಗೂಡುಗಳಲ್ಲಿರುವ ಹಕ್ಕಿಗಳಿಗೂ ಫ್ಲ್ಯಾಶ್ ಹೊಡೆಯಬೇಡಿ. ಹಕ್ಕಿ ಬೆದರಿ ಎದ್ದರೆ ಗೂಡಿನ ಮೊಟ್ಟೆ ಕಾಗೆಯ ಪಾಲು. ಮಳೆಗಾಲದ ರಾತ್ರಿ ಕಪ್ಪೆ ತೆಗೆಯುವವರು 1/64ರಷ್ಟು ಕಡಿಮೆ ಶಕ್ತಿಯಲ್ಲಿ, ಬಿಳಿ ಬಟ್ಟೆಯ ಹಿಂದಿನಿಂದ, ಒಂದು ಕಪ್ಪೆಗೆ ಎರಡು ಮೂರು ಚಿತ್ರ ತೆಗೆದು ಮುಂದೆ ಹೋಗಬೇಕು. ಅದು ಕೂಗುವುದನ್ನು ನಿಲ್ಲಿಸಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ.